ಒಬ್ಬರ ಅಳತೆ

ನಮ್ಮ ಕೆಳಗಿನ ಮನೆಯ ಸೌಟಣ್ಣ ಮೂವತ್ತೊಂದು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಾ ಇನ್ನೂರು ಜನಕ್ಕೆ ಅಡುಗೆ ಮಾಡಿದವರು. ಮದುವೆಯಾಗಲಿಲ್ಲ. ಕೇಳಿದರೆ, "ಇನ್ನೂರು ಜನರ ಸಂಸಾರವೇ ಸಾಕಾಗಿದೆ ಕಣಮ್ಮ" ಎನ್ನುತ್ತಿದ್ದರು. ನಿವೃತ್ತರಾದ ಮೇಲೆ ಆ ಸಂಸಾರದ ಒಬ್ಬರೂ ಇತ್ತ ತಲೆ ಹಾಕಲಿಲ್ಲ. ಅಷ್ಟು ಜನ ತಿಂದು ತೇಗಿ ಮರೆತರಲ್ಲ ಎಂದು ನನಗೆ ಈಗಲೂ ಸಿಟ್ಟಿದೆ.

ನಾನು ಬೀದಿ ತುದಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಂದು ಬೆಳಿಗ್ಗೆ ಅವರು ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದರು.

"ವಾಂತಿ, ಭೇದಿ ಎರಡೂ ಹಿಡ್ಕೊಂಡಿದೆ. ನಿಲ್ಸೋ ಮಾತ್ರೆ ಕೊಡಮ್ಮ."

"ಮಾತ್ರೆ ಆಮೇಲೆ. ಏನ್ ತಿಂದ್ರಿ?"

"ಹೊರಗಡೆ ಎಲ್ಲೋ ತಿಂದೆ" ಎಂದು ಮುಖ ತಿರುಗಿಸಿದರು.

ಜ್ವರವಿಲ್ಲ, ರಕ್ತ ಬೀಳುತ್ತಿಲ್ಲ ಎಂದರು. ಹಾಗಾದರೆ ಮೈಯಿಂದ ಹೋದ ನೀರನ್ನು ಮೊದಲು ತುಂಬಿಸಬೇಕು ಎಂದು ಓಆರ್‌ಎಸ್ ಪೊಟ್ಟಣ ಮುಂದಿಟ್ಟೆ. ಬರೀ ಉಪ್ಪು ಸಕ್ಕರೆಯೇ ಎಂದರು. ಹೆಚ್ಚುಕಡಿಮೆ ಅದೇ ಎಂದದ್ದಕ್ಕೆ ಅವರಿಗೆ ಅವಮಾನವಾಯಿತು. "ಉಪ್ಪು ಹಾಕೋದನ್ನ ನಂಗೆ ಹೇಳ್ಕೊಡ್ತೀಯಾ?" ಎಂದು ಪೊಟ್ಟಣವನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಮಧ್ಯಾಹ್ನ ಮನಸ್ಸು ತಡೆಯದೆ, ಅವಸರಕ್ಕೆ ಪೊಟ್ಟಣವನ್ನೂ ಮರೆತು, ಅವರ ಮನೆಗೆ ಹೋದೆ. ತುಟಿ ಒಣಗಿ, ಬಚ್ಚಲ ಬಾಗಿಲಲ್ಲಿ ಕುಸಿದು ಕೂತಿದ್ದರು. ಪಕ್ಕದ ಚೊಂಬಿನ ನೀರನ್ನು ನಾಲಿಗೆಗೆ ಮುಟ್ಟಿಸಿದೆ. ಥೂ, ಬರೀ ಉಪ್ಪು! ಕ್ಯಾಂಟೀನಿನ ಕೈಯಳತೆಯಲ್ಲಿ ಸುರಿದಿದ್ದರು. ಕುಡಿದಷ್ಟೂ ವಾಂತಿ ಹೆಚ್ಚಾಗಿತ್ತು.

"ಉಪ್ಪು ಜಾಸ್ತಿಯಾದ್ರೆ ಜೀವಕ್ಕೇ ಅಪಾಯ, ಗೊತ್ತಾ?" ಎಂದು ರೇಗಿದೆ. ಅಳೆಯೋಣವೆಂದರೆ ಆ ಮನೆಯಲ್ಲಿ ಒಂದೂ ಟೀ ಚಮಚವಿರಲಿಲ್ಲ, ಇದ್ದದ್ದೆಲ್ಲ ಸೌಟು. ನಮ್ಮ ಮನೆಯಿಂದ ಚಮಚ ತಂದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿದೆ. ವಾಂತಿಯಾದಾಗ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದೆ.

"ಕುಡಿದದ್ದು ಹೊಟ್ಟೇಲಿ ನಿಲ್ಲಲಿಲ್ಲ, ಇಲ್ಲಾ ಸಂಜೆಯೊಳಗೆ ಮೂತ್ರ ಆಗ್ಲಿಲ್ಲ ಅಂದ್ರೆ ಆಸ್ಪತ್ರೆ. ತಕರಾರು ಮಾಡೋ ಹಾಗಿಲ್ಲ."

ಅಡುಗೆಮನೆಯಲ್ಲಿ ಹತ್ತು ಜನಕ್ಕಾಗುವ ಪಾತ್ರೆಯಿತ್ತು. ಮುಚ್ಚಳ ತೆಗೆದರೆ ಮೊನ್ನೆಯ ಅನ್ನ, ಹಳಸಿದ ವಾಸನೆ.

"ಇದನ್ನೇ ಬಿಸಿ ಮಾಡ್ಕೊಂಡು ತಿಂತಿದ್ರಾ? ಹೊರಗಿಟ್ಟು ಕೆಟ್ಟ ಅನ್ನ ಬಿಸಿ ಮಾಡಿದ್ರೂ ಸರಿಹೋಗಲ್ಲ ಅಣ್ಣಾ. ಮತ್ತೆ ಹೊರಗಡೆ ತಿಂದೆ ಅಂದ್ರಿ?"

"ಮೂವತ್ತೊಂದು ವರ್ಷ ನನ್ನ ಅಡುಗೆಯಿಂದ ಒಬ್ರಿಗೂ ಹೊಟ್ಟೆ ಕೆಟ್ಟಿಲ್ಲಮ್ಮ" ಎಂದು ಅತ್ತುಬಿಟ್ಟರು. "ಹೇಗೆ ಹೇಳ್ಲಿ?"

"ಒಬ್ರಿಗೆ ಇಷ್ಟೊಂದು ಯಾಕೆ ಮಾಡ್ತೀರಿ?"

"ಯಾರಾದ್ರೂ ಬಂದ್ರೆ?"

ಅವರ ಮೇಲೆ ರೇಗಿದ್ದಕ್ಕೆ ನಾಚಿಕೆಯಾಯಿತು.

ಸಂಜೆ ಮೂತ್ರವಾಯಿತು. ಅದನ್ನು ಬೀದಿಗೆಲ್ಲ ಕೇಳುವಂತೆ ಮೆಟ್ಟಿಲ ಬುಡದಿಂದ ಕೂಗಿ ಹೇಳಿದರು. ನಕ್ಕೂ ನಕ್ಕೂ ಸಾಕಾಯಿತು. ಮೆತ್ತಗಿನ ಅನ್ನ ಸ್ವಲ್ಪವೇ ಮಾಡಿಕೊಂಡು ಬಿಸಿಬಿಸಿಯಾಗಿ ತಿಂದು ಮುಗಿಸಿ, ನೀರು ಕುಡಿಯುತ್ತಲೇ ಇರಿ ಎಂದೆ.

ಮರುದಿನ ಕೆಲಸಕ್ಕೆ ಹೊರಟವಳು ಅವರ ಬಾಗಿಲಲ್ಲಿ ಇಣುಕಿದೆ. ಅಕ್ಕಿ ಅಳೆಯುತ್ತಿದ್ದರು. ಮೊರದ ತುಂಬ ತೆಗೆದುಕೊಂಡು, ಅರ್ಧವನ್ನು ಡಬ್ಬಕ್ಕೆ ವಾಪಸು ಸುರಿದರು. ನನ್ನ ಮುಖ ನೋಡಿ ಇನ್ನಷ್ಟು ಸುರಿದರು. ಕೊನೆಗೆ ಒಂದು ಹಿಡಿ ಉಳಿಯಿತು.

"ಇಷ್ಟು ಸಾಕೇನಮ್ಮ?"

"ಸಾಕು ಅಣ್ಣಾ."

"ಹಾಗಾದ್ರೆ ಯಾರೂ ಬರಲ್ಲ" ಎಂದು ಒಲೆ ಹಚ್ಚಿದರು.