ಕನ್ನಡಿ ಗೋಡೆಯಲ್ಲೇ ಉಳಿಯಿತು

ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ, ಮುಂಬಾಗಿಲಿಗೆ ಎದುರಾಗಿ, ಒಂದು ದುಂಡು ಕನ್ನಡಿ ಇತ್ತು. ಅದರ ಸುತ್ತ ಹಿತ್ತಾಳೆಯ ಕಡ್ಡಿಗಳು ಸೂರ್ಯನ ಕಿರಣಗಳಂತೆ ಹರಡಿಕೊಂಡಿದ್ದವು. ಎಪ್ಪತ್ತರ ದಶಕದಲ್ಲಿ ನಮ್ಮಂಥ ಗುಮಾಸ್ತರ ಮನೆಗಳಲ್ಲಿ ಕನ್ನಡಿ ಅಂದರೆ ಬಚ್ಚಲ ಪಕ್ಕದ ಮೊಳೆಗೆ ತೂಗುಹಾಕಿದ, ಗಡ್ಡ ಹೆರೆಯಲು ಸಾಕಾಗುವಷ್ಟು ಚೂರು. ಅಲಂಕಾರಕ್ಕೆಂದೇ ಕನ್ನಡಿ ತರುವುದು ಸಿನಿಮಾದವರ ಕೆಲಸ. ಅಕ್ಕ ಟೈಪಿಸ್ಟ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ಚಿಕ್ಕಪೇಟೆಯಿಂದ ತಂದಿದ್ದಳು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು, ಕಡ್ಡಿ ಚುಚ್ಚಿಸಿಕೊಂಡವರಿಗೆಲ್ಲ ‘ಸಾರಿ, ಸಾರಿ’ ಅನ್ನುತ್ತ.

ಸೋದರತ್ತೆ ನೋಡಿ, "ಇದೇನೇ ಇದು, ದೇವರಿಲ್ಲದ ಪ್ರಭಾವಳಿ!" ಅಂದರು.

"ಎದುರಿಗೆ ನಿಂತ್ಕೊಳ್ಳಿ ಅತ್ತೆ, ದೇವರು ಬರ್ತಾರೆ," ಅಂದಳು ಅಕ್ಕ.

ಅವಳ ಮದುವೆಯಾದ ಹದಿನಾಲ್ಕು ತಿಂಗಳಿಗೆ ಭಾವ ಕಾಮಾಲೆಯಿಂದ ತೀರಿಕೊಂಡರು. ಕರ್ಮಗಳೆಲ್ಲ ಮುಗಿದು ಅಕ್ಕ ನಮ್ಮ ಮನೆಗೆ ವಾಪಸು ಬಂದ ವಾರವೇ ಸೋದರತ್ತೆ ಬಂದು ಅಪ್ಪನಿಗೆ ಹೇಳಿದರು: "ಆ ಕನ್ನಡಿ ತೆಗೆದಿಡು. ಬೋಳು ಹಣೆ ಇಟ್ಕೊಂಡು ಇವಳು ದಿನಾ ಅದರೆದುರು ಓಡಾಡಿದ್ರೆ ಮನೆಗೆ ಒಳ್ಳೇದಲ್ಲ."

ನಾನಾಗ ಬಿ.ಎ. ಎರಡನೇ ವರ್ಷ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಬೀರುವಿನ ಮೇಲೆ ಸಾಲಾಗಿದ್ದವು. ಎದುರಾಳಿಯ ಮೊದಲ ವಾಕ್ಯದಲ್ಲೇ ಬಿರುಕು ಹುಡುಕಬೇಕು ಎನ್ನುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

"ಯಾರಿಗೆ ಒಳ್ಳೇದಲ್ಲ ಅತ್ತೆ? ಗೋಡೆಗಾ?"

"ದೊಡ್ಡೋರು ಹೇಳಿರೋದು ಕಣೋ."

"ಹಾಗಾದ್ರೆ ಬಿಂದಿಗೆ ನೀರೂ ಮುಚ್ಚಿ, ಅದರಲ್ಲೂ ಮುಖ ಕಾಣತ್ತೆ. ಸ್ಟೀಲ್ ಲೋಟಾನೂ ಎಸೀರಿ. ಗಾಜಿನ ಹಿಂದೆ ಬಳಿದಿರೋ ಪಾದರಸಕ್ಕೆ ಯಾರ ಗಂಡ ಇದಾನೆ, ಯಾರ ಗಂಡ ಇಲ್ಲ ಅಂತ ಹೇಗೆ ಗೊತ್ತಾಗತ್ತೆ?"

"ಇವನ ಬಾಯಿಗೆ ಬೀಗ ಹಾಕೋರು ಈ ಮನೇಲಿ ಯಾರೂ ಇಲ್ವಾ?"

ಅಪ್ಪ, "ಇರ್ಲಿ ಬಿಡಕ್ಕ, ಅವನು ಹೇಳೋದ್ರಲ್ಲೂ ನ್ಯಾಯ ಇದೆ," ಅಂದರು. ಅತ್ತೆ ಕಾಫಿ ಮುಟ್ಟದೆ ಹೊರಟುಹೋದರು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಏನೂ ಹೇಳಲಿಲ್ಲ. ಅದನ್ನು ನಾನು ಒಪ್ಪಿಗೆಯ ಲೆಕ್ಕಕ್ಕೆ ಹಾಕಿಕೊಂಡೆ. ಕಾಲೇಜಿನಲ್ಲಿ ಈ ಗೆಲುವನ್ನು ಹೇಳಿಕೊಂಡು ತಿರುಗಿದೆ ಕೂಡ.

ಆಮೇಲೆ ಒಂದು ವಿಷಯ ಗಮನಿಸಿದೆ. ಅಕ್ಕ ಮುಂಬಾಗಿಲಿನಿಂದ ಬರುವುದನ್ನೇ ಬಿಟ್ಟಿದ್ದಳು. ಆಫೀಸಿನಿಂದ ಬಂದವಳು ಮನೆಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ ತೂರಿ, ಒಗೆಯುವ ಕಲ್ಲು ದಾಟಿ, ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿದ್ದಳು. ಅತ್ತೆಯ ಮಾತಿಗೆ ಹೆದರಿದ್ದಾಳೆ ಅಂದುಕೊಂಡೆ. ಎರಡು ತಿಂಗಳು ತಡೆದೆ. ಒಂದು ಭಾನುವಾರ ಹಿತ್ತಲಲ್ಲಿ ಕೇಳಿಯೇಬಿಟ್ಟೆ.

"ಓದಿದೋಳು ನೀನು. ನೀನೂ ಶಕುನ ನಂಬ್ತೀಯಾ?"

ಅವಳು ಬಟ್ಟೆ ಹಿಂಡುತ್ತಲೇ ಹೇಳಿದಳು: "ಶಕುನ ಅಲ್ವೋ. ಹೆಣ್ಣು ನೋಡೋಕೆ ಬಂದಾಗ ಅವರು ನನ್ನ ಕಡೆ ತಿರುಗ್ಲೇ ಇಲ್ಲ. ನಾಚಿಕೆ ಪಾಪ. ಕನ್ನಡೀಲಿ ನೋಡ್ತಾ ಇದ್ರು. ನಾನೂ ಕದ್ದು ಅಲ್ಲೇ ನೋಡ್ದೆ. ಇಬ್ಬರೂ ಸಿಕ್ಕಿಹಾಕ್ಕೊಂಡ್ವಿ." ನಗಲು ಹೋದಳು, ಆಗಲಿಲ್ಲ. "ಈಗ ಬಾಗಿಲು ದಾಟಿದ್ರೆ ಅದರಲ್ಲಿ ನಾನೊಬ್ಬಳೇ ಇರ್ತೀನಿ ಕಣೋ."

ಕನ್ನಡಿ ಅವಳದು. ಹಣೆ ಅವಳದು. ಅವಳನ್ನು ಒಂದು ಮಾತು ಕೇಳಲು ಅತ್ತೆಗೂ ನನಗೂ ತೋಚಿರಲಿಲ್ಲ.

"ಈಗಲೇ ಇಳಿಸ್ತೀನಿ," ಎಂದು ಸ್ಟೂಲು ತರಲು ಹೊರಟೆ.

"ಬೇಡ. ಈಗ ಇಳಿಸಿದ್ರೆ ಅತ್ತೆ ಏನಂತಾರೆ? ತಾನು ಕನ್ನಡಿ ನೋಡಬಾರದೋಳು ಅಂತ ಇವಳೇ ಒಪ್ಕೊಂಡ್ಳು ಅಂತಾರೆ. ಹಾಗನ್ನಿಸ್ಕೊಳ್ಳೋಕೆ ನಂಗಿಷ್ಟ ಇಲ್ಲ. ಅಷ್ಟು ಚೆನ್ನಾಗಿ ವಾದ ಮಾಡಿಬಿಟ್ಟಿದೀಯ ನೀನು."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ.

ಆ ಮನೆ ಬಿಡುವವರೆಗೆ, ಮೂರು ವರ್ಷ, ಕನ್ನಡಿ ಅಲ್ಲೇ ಇತ್ತು. ಅಮ್ಮ ಆಗಾಗ ಹುಣಸೆಹಣ್ಣು ಹಚ್ಚಿ ಕಡ್ಡಿಗಳನ್ನು ಬೆಳಗುತ್ತಿದ್ದಳು. ಕಾಂಪೌಂಡಿನ ಪಕ್ಕದ ಆ ಸಂದಿಯಲ್ಲಿ ಬಿಚ್ಚಿದ ಕೊಡೆ ಹಿಡಿಸುತ್ತಿರಲಿಲ್ಲ. ಮಳೆ ಬಂದ ಸಂಜೆಗಳಲ್ಲಿ ಅಕ್ಕ ಗೇಟಿನ ಹತ್ತಿರವೇ ಕೊಡೆ ಮಡಿಸಿ, ನೆನೆದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.