ನಮ್ಮ ದಾರ ಇಲ್ಲದ ಪುಸ್ತಕ

ನಾನು ಮೊದಲ ಸಲ ಒಬ್ಬರ ಕೊರಳಿಗೆ ಹಾರ ಹಾಕಿದ್ದು ೧೯೭೧ರಲ್ಲಿ, ಯಳಂದೂರಿನ ಬಸ್ ನಿಲ್ದಾಣದಲ್ಲಿ. ಅದನ್ನೂ ತಪ್ಪು ಮನುಷ್ಯನಿಗೆ ಹಾಕಿದೆ.

ಆಗ ನನಗೆ ಇಪ್ಪತ್ತೆರಡು ವರ್ಷ. ಮಾಂಬಳ್ಳಿಯಿಂದ ದಿನಾ ಸೈಕಲ್ ತುಳಿದುಕೊಂಡು ಬಂದು ಯಳಂದೂರಿನ ವಾಚನಾಲಯದ ಬಾಗಿಲು ತೆಗೆಯುವುದು, ಪತ್ರಿಕೆಗಳನ್ನು ಹರಡುವುದು, ಅವು ಯಾರ ಅಂಗಿಯೊಳಗೂ ಮಡಚಿಕೊಂಡು ಹೊರಟುಹೋಗದಂತೆ ಕಾಯುವುದು ನನ್ನ ಉದ್ಯೋಗ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆಯ ಗ್ರಂಥಾಲಯ ನೌಕರರು ಸೇರಿ ಆ ವರ್ಷ ಒಂದು ಸಂಘ ಕಟ್ಟಿದರು. ಒಟ್ಟು ಹನ್ನೊಂದು ಜನ. ಅಕ್ಷರ ದುಂಡಗಿದೆ ಎನ್ನುವ ಒಂದೇ ಯೋಗ್ಯತೆಯ ಮೇಲೆ ನನ್ನನ್ನು ಕಾರ್ಯದರ್ಶಿ ಮಾಡಿದರು. ತಲೆಯೊಳಗೇನಿದೆ ಎಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಎಷ್ಟೋ ಅನಾಹುತ ತಪ್ಪುತ್ತಿತ್ತು.

ಸಂಘದ ಮೊದಲ ಸಭೆಗೆ ಮೈಸೂರಿನಿಂದ ಒಬ್ಬ ಅಧಿಕಾರಿ ಬರುವವರಿದ್ದರು. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಹತ್ತೂವರೆಗೆ ಇಳಿಯುತ್ತಾರೆ, ಹಾರ ಹಿಡಿದುಕೊಂಡು ನಿಂತಿರು ಎಂದು ಅಧ್ಯಕ್ಷರಾದ ವೃಷಭೇಂದ್ರಪ್ಪನವರು ಅಪ್ಪಣೆ ಮಾಡಿದ್ದರು.

"ಅವ್ರ ಗುರ್ತು ಹೆಂಗ್ ಇಡಿಯೋದು ಸಾ?" ಎಂದು ಕೇಳಿದೆ.

"ಅಧಿಕಾರಿ ಅಧಿಕಾರಿ ತರನೇ ಇರ್ತಾರೆ ಕಣಯ್ಯ. ನೋಡಿದ್ರೇ ಗೊತ್ತಾಯ್ತದೆ."

ಬಸ್ಸು ಬಂತು. ಮೊದಲು ಇಳಿದವರು ಎತ್ತರದ ಆಳು. ಬಿಳಿ ಪಂಚೆ, ಹೆಗಲ ಮೇಲೆ ನಾಲ್ಕು ಬೆರಳಗಲ ಜರಿ ಅಂಚಿನ ಹೊಚ್ಚಹೊಸ ರೇಷ್ಮೆ ಶಲ್ಯ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹಾರ ಹಾಕಿ, ಕೈಲಿದ್ದ ಚೀಲ ಕಿತ್ತುಕೊಂಡು, ದಾರಿ ಬಿಡಿಸಿಕೊಂಡು ಕರೆದೊಯ್ದೆ. ಹಿಂದಿನಿಂದ ಕೊಡೆ ಹಿಡಿದ ಒಬ್ಬ ಸಣಕಲು ಆಸಾಮಿ ತನ್ನ ಪೆಟ್ಟಿಗೆ ತಾನೇ ಹೊತ್ತುಕೊಂಡು ದಾರಿ ಕೇಳುತ್ತಾ ಬರುತ್ತಿದ್ದ. ಅವನಿಗೆ, "ಸ್ವಲ್ಪ ಸರ್ಕಂಡ್ ನಡೀರಿ, ಸಾಹೇಬ್ರು ಬತ್ತಾವ್ರೆ," ಎಂದೂ ಹೇಳಿದೆ. ಅವರೇ ಸಾಹೇಬರು.

ಶಲ್ಯದವರ ಹೆಸರು ಮುದ್ದಯ್ಯ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿದ್ದ ಶಾಖಾ ಗ್ರಂಥಾಲಯದ ಸಹಾಯಕ, ನನ್ನ ಹಾಗೆಯೇ ಸಂಘದ ಒಬ್ಬ ಸದಸ್ಯ. ಅದುವರೆಗೆ ನಾನು ಅವರ ಮುಖ ಕಂಡಿರಲಿಲ್ಲ. ಆ ಶಲ್ಯ ಅವರದೇ ಮಗ್ಗದಲ್ಲಿ ಇಳಿದದ್ದು. ಯಳಂದೂರಿನ ಅಂಗಡಿಯವರೊಬ್ಬರಿಗೆ ಕೊಡಬೇಕಾಗಿತ್ತು. ಚೀಲದಲ್ಲಿ ತುರುಕಿದರೆ ಮಡಿಕೆ ಬೀಳುತ್ತದೆ ಎಂದು ಹೊದ್ದುಕೊಂಡು ಬಂದಿದ್ದರು.

"ನೀವಾದ್ರೂ ಏಳ್‌ಬಾರ್ದಾಗಿತ್ತಾ?" ಎಂದೆ, ಸಭೆ ಮುಗಿದ ಮೇಲೆ.

"ಏಳಕೇ ಅಂತ ಬಾಯ್ ತಗುದೆ ಸ್ವಾಮಿ. ನೀವು ಬಾಯಿಗೇ ಸೇವಂತ್ಗೆ ತುರುಕ್ಬುಟ್ರಿ."

ಅವತ್ತಿನಿಂದ ಅವರು ನನಗೆ ಮುದ್ದಣ್ಣ. ನಾನು ಅವರಿಗೆ ಒಮ್ಮೆ ಸೆಕ್ರೆಟ್ರಿ ಸಾಹೇಬ್ರು, ಒಮ್ಮೆ ಶಿವರುದ್ರಸ್ವಾಮಿ, ಕೋಪ ಬಂದರೆ ಬರೀ ಲೇ.

ಮುದ್ದಣ್ಣನ ಕತೆ ದೊಡ್ಡದಲ್ಲ. ಕೊಳ್ಳೇಗಾಲ ಮೈಸೂರು ಸೀಮೆಗೆ ಸೇರಿ ಎರಡು ವರ್ಷವಾಗಿದ್ದಾಗ ಅವರ ಬೀದಿಯಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿ ಪುಸ್ತಕಗಳನ್ನು ತಂದಿಟ್ಟರು. ಸಂಜೆ ಬಾಗಿಲು ತೆಗೆಯಲು ಯಾರಾದರೂ ಬೇಕಿತ್ತು. ಎದುರು ಮನೆಯವರು, ಓದು ಬಲ್ಲವರು ಎಂದು ಬೀಗದಕೈ ಮುದ್ದಣ್ಣನ ಕೈಗೆ ಬಂತು. ಬೆಳಗಿನ ಜಾವದಿಂದ ಮೂರು ಗಂಟೆಯವರೆಗೆ ಮಗ್ಗ, ನಾಲ್ಕರಿಂದ ಎಂಟರವರೆಗೆ ಪುಸ್ತಕ. ಹದಿಮೂರು ವರ್ಷ ಹೀಗೇ ನಡೆದರೂ ಕೆಲಸ ಮಾತ್ರ ತಾತ್ಕಾಲಿಕ. ಅವರ ಆಸೆ ಒಂದೇ. ಅದನ್ನು ಮೊದಲ ಸಭೆಯಲ್ಲೇ ಎದ್ದು ನಿಂತು ಹೇಳಿದ್ದರು.

"ನನ್ಗೆ ಖಾಯಂ ಮಾಡ್ಸಿಕೊಡಿ. ಆದ್ರೆ ನಮ್ ಬೀದಿಲೇ ಇರ್ಬೇಕು. ಬ್ಯಾರೆ ಊರ್ಗಾದ್ರೆ ಬ್ಯಾಡ. ಮಗ್ಗನ ನೆಲ್ದಲ್ಲಿ ಗುಂಡಿ ತೋಡಿ ಹೂಡಿವ್ನಿ. ಅದ್ನ ಬಸ್ ಮೇಲ್ ಹಾಕಂಡ್ ಓಗಕಾದದಾ?"

ಎಲ್ಲರೂ ನಕ್ಕರು. ನಾನು ದುಂಡಗೆ ಬರೆದುಕೊಂಡೆ: 'ಶ್ರೀ ಮುದ್ದಯ್ಯನವರ ಖಾಯಂ ವಿಚಾರ ಚರ್ಚಿಸಲಾಯಿತು.' ಬೀದಿಯ ವಿಚಾರ ಬರೆಯಲಿಲ್ಲ. ಸಾಲಿನಲ್ಲಿ ಜಾಗ ಇರಲಿಲ್ಲ.

ಸಂಘ ಏನೂ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮಗೆ ವಾರಕ್ಕೊಂದು ರಜೆ ಅಂತ ಇರಲಿಲ್ಲ, ಬರೆದೂ ಬರೆದೂ ಸೋಮವಾರ ರಜೆ ಮಾಡಿಸಿತು. ಹನೂರಿನ ಶಾಖೆಗೆ ಸೋರದ ಚಾವಣಿ ಬಂತು. ಮೂರು ಸೋಮವಾರ ವೃಷಭೇಂದ್ರಪ್ಪನವರೇ ಕರಿಹಲಗೆ ಇಟ್ಟುಕೊಂಡು ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರು ಕೊಡುವುದು ಹೇಗೆ ಎಂದು ತರಬೇತಿ ಕೊಟ್ಟರು. ಉಪ್ಪಿಟ್ಟೂ ಇತ್ತು. ನಾನು ಮೂರೂ ವಾರ ಹೋಗಿ ದೊಡ್ಡ ಪಂಡಿತನಾದೆ. ಮುದ್ದಣ್ಣ ಒಂದು ವಾರ ಬಂದು ಉಪ್ಪಿಟ್ಟು ತಿಂದು, "ನಮ್ಮಲ್ಲಿ ಬ್ಯಾರೆ ಲೆಕ್ಕ ಅದೆ," ಎಂದು ಹೊರಟುಹೋದರು.

ಆ ಬೇರೆ ಲೆಕ್ಕ ಏನು ಎಂದು ಅವರ ಶಾಖೆಗೆ ಹೋದಾಗ ನೋಡಿದೆ. ನಾನೂರ ಹನ್ನೆರಡು ಪುಸ್ತಕ. ಹರಿದು ಹರಿದು ಬೈಂಡಿಂಗಿಗೆ ಹೋಗಿ ಎಲ್ಲವೂ ಒಂದೇ ಕಪ್ಪು ಕ್ಯಾಲಿಕೋ ಬಟ್ಟೆ ಹೊದ್ದು ಬಂದಿದ್ದವು. ಮೇಲೆ ಹೆಸರಿಲ್ಲ, ಬೆನ್ನಿನ ಮೇಲೊಂದು ನಂಬರು ಮಾತ್ರ. ಆದರೆ ಪ್ರತಿ ಪುಸ್ತಕದ ಹೊಲಿಗೆಗೆ ಮೇಲ್ತುದಿಯಲ್ಲಿ ಬಣ್ಣಬಣ್ಣದ ರೇಷ್ಮೆ ಎಳೆ ಕಟ್ಟಿದ್ದರು. ಕೆಲವಕ್ಕೆ ಎರಡು ಮೂರು, ಕೆಲವಕ್ಕೆ ಸೀರೆ ಸೆರಗಿನ ಕುಚ್ಚಿನಷ್ಟು.

ನಾನು ನೋಡುತ್ತಿರುವಾಗಲೇ ಒಬ್ಬ ನೇಕಾರ ಬಾಗಿಲಲ್ಲಿ ನಿಂತು, "ಮುದ್ದಣ್ಣೋ, ನಮ್ ದಾರ ಇಲ್ದುದ್ ಒಂದ್ ಕೊಡು," ಎಂದ. ಮುದ್ದಣ್ಣ ಸಾಲಿನ ಮೇಲೆ ಬೆರಳಾಡಿಸಿ ಒಂದನ್ನು ಎಳೆದುಕೊಟ್ಟರು. ಹೆಸರು ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಓದುತ್ತಿದ್ದವರು ಗಂಡಸರಲ್ಲ. ಮಧ್ಯಾಹ್ನ ಮನೆಯ ಹೆಂಗಸರು ರಾಟೆ ಹಿಡಿದು ರೇಷ್ಮೆ ಸುತ್ತುವಾಗ ಓದು ಬಲ್ಲ ಒಬ್ಬಾಕೆ ಗಟ್ಟಿಯಾಗಿ ಓದುತ್ತಿದ್ದಳು, ಮಿಕ್ಕವರು ಕೇಳುತ್ತಾ ಸುತ್ತುತ್ತಿದ್ದರು. ಅವರು ಗ್ರಂಥಾಲಯಕ್ಕೆ ಬರುವ ಪದ್ಧತಿ ಇರಲಿಲ್ಲ. ಪುಸ್ತಕ ತರುವ ಗಂಡಸಿಗೆ ಯಾವುದು ಓದಿದ್ದು, ಯಾವುದು ಓದದ್ದು ಗೊತ್ತಿಲ್ಲ. ಅದಕ್ಕೆ ಮನೆಗೊಂದು ದಾರ. ಓದಿ ಮುಗಿಸಿದ ಪುಸ್ತಕಕ್ಕೆ ಆ ಮನೆಯವರು ತಮ್ಮ ಎಳೆ ಕಟ್ಟಿ ವಾಪಸು ಕಳಿಸುತ್ತಿದ್ದರು. ಮೂಲೆ ಮನೆಯ ದೇವೀರಮ್ಮನದು ಹಸಿರು ಎರಡೆಳೆ. ಎಪ್ಪತ್ತು ವರ್ಷದ ಆಕೆಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ನೂರ ಎಂಬತ್ತು ಪುಸ್ತಕಕ್ಕೆ ಆಕೆಯ ಗಂಟಿತ್ತು.

ದಿನಕ್ಕೆ ನಲವತ್ತು ಪುಸ್ತಕ ಹೊರಗೆ ಹೋಗುತ್ತಿದ್ದವು. ಮೂರೂ ಊರಿನಲ್ಲಿ ಯಾವ ಶಾಖೆಗೂ ಆ ಭಾಗ್ಯ ಇರಲಿಲ್ಲ. ಇಷ್ಟು ಕಣ್ಣಾರೆ ಕಂಡೂ, ಮೂರು ಸೋಮವಾರದ ಪಂಡಿತನಿಗೆ ಹೊಳೆದದ್ದು ಒಂದೇ: ಸರ್ಕಾರದ ಪುಸ್ತಕಕ್ಕೆ ಹೀಗೆಲ್ಲಾ ದಾರ ಕಟ್ಟಬಹುದೇ?

೧೯೭೨ರಲ್ಲಿ ನಮ್ಮ ಮನವಿಗೆ ಉತ್ತರ ಬಂತು. ತಾತ್ಕಾಲಿಕ ನೌಕರರ ಶಾಖೆಗಳನ್ನು ಸಾಹೇಬರು ಖುದ್ದಾಗಿ ನೋಡಿ, ಯಾರನ್ನು ಖಾಯಂ ಮಾಡಬಹುದೆಂದು ಬರೆಯುತ್ತಾರೆ. ಕೊಡೆ ಹಿಡಿದಿದ್ದರಲ್ಲ, ಅವರೇ.

ವೃಷಭೇಂದ್ರಪ್ಪನವರು ತುರ್ತು ಸಭೆ ಕರೆದರು. "ಎಲ್ಲಾ ಶಾಖೆನೂ ಕನ್ನಡಿ ಹಂಗಿರ್ಬೇಕು. ಮುದ್ದಯ್ಯನ್ದೇ ನನ್ಗೆ ಭಯ. ಆ ಕುಚ್ಚು ಗಿಚ್ಚು ಕಂಡ್ರೆ ಸಾಹೇಬ್ರು ಏನಂದಾರು?"

"ನನ್ಗೆ ಬುಡಿ ಸಾ," ಎಂದೆ.

ಹಾರದ ತಪ್ಪನ್ನು ತೊಳೆದುಕೊಳ್ಳುವ ಅವಕಾಶ ಇದು ಎಂದು ನನಗೆ ಅನ್ನಿಸಿತ್ತು. ಮುದ್ದಣ್ಣ ನೆಂಟರ ಮದುವೆಗೆ ಕೌದಳ್ಳಿಗೆ ಹೋಗಿದ್ದರು. ಬೀಗದಕೈ ಅವರ ಮನೆಯಲ್ಲಿತ್ತು. ಸಂಘದ ಕೆಲಸ ಎಂದು ಇಸಿದುಕೊಂಡು, ಕತ್ತರಿ, ಅಂಟು, ಹೊಸ ಚೀಟಿಗಳ ಕಟ್ಟಿನ ಸಮೇತ ಒಳಗೆ ಕೂತೆ. ಒಂದೂವರೆ ದಿನ ಕೂತೆ. ನಾನೂರ ಹನ್ನೆರಡು ಪುಸ್ತಕದ ದಾರವನ್ನೂ ಕತ್ತರಿಸಿದೆ. ಬೆನ್ನ ಮೇಲಿನ ಹಳೇ ನಂಬರನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ಅಳಿಸಿ, ತರಬೇತಿಯ ಪ್ರಕಾರ ಹೊಸ ನಂಬರು ದುಂಡಗೆ ಬರೆದು ಅಂಟಿಸಿದೆ. ಮುಗಿದ ಮೇಲೆ ದೂರ ನಿಂತು ನೋಡಿ ನನ್ನನ್ನು ನಾನೇ ಮೆಚ್ಚಿಕೊಂಡೆ.

ಮಾರನೇ ದಿನ ಮುದ್ದಣ್ಣ ಬಂದರು. ಬಾಗಿಲಲ್ಲೇ ನಿಂತರು. ಸಾಲನ್ನು ನೋಡಿದರು, ಕಸದ ಬುಟ್ಟಿಯನ್ನು ನೋಡಿದರು. ಬುಟ್ಟಿಯಿಂದ ಒಂದು ಹಿಡಿ ಎಳೆ ಎತ್ತಿಕೊಂಡು ಬೆಳಕಿಗೆ ಹಿಡಿದರು.

"ಲೇ, ಯಾವ ಗಂಟು ಯಾವ ಪುಸ್ತಕದ್ದು ಅಂತ ಬರ್ಕಂಡಿದೀಯಾ?"

"ಇಲ್ಲ ಮುದ್ದಣ್ಣ. ಹಳೇ ಲೆಡ್ಜರ್ ನೋಡಿದ್ರೆ ಯಾವ ಮನೆಗೆ ಯಾವ ಪುಸ್ತಕ ಓಗಿತ್ತು ಅಂತ..."

"ಲೆಡ್ಜರಲ್ಲಿ ಇರಾದು ಬೆನ್ನಿನ್ ನಂಬ್ರು, ಹೆಸ್ರಲ್ಲ. ಎಲ್ಲಿ ಬೆನ್ನು ತೋರ್ಸು."

ನಾನು ನನ್ನ ದುಂಡನೆಯ ನಂಬರುಗಳನ್ನು ನೋಡಿದೆ. ಹಳೆಯದರ ಒಂದು ಗೆರೆಯೂ ಉಳಿದಿರಲಿಲ್ಲ.

ಮುದ್ದಣ್ಣ ಕೂಗಾಡಲಿಲ್ಲ. ಆ ಎಳೆಗಳನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡು, "ಸಾಹೇಬ್ರು ಯಾವತ್ತು ಬತ್ತಾರೆ?" ಎಂದಷ್ಟೇ ಕೇಳಿದರು. ಬರುವ ಗುರುವಾರ ಎಂದೆ. "ಅಂಗಾರೆ ಬದುಕ್ಕಂಡ್ವಿ. ಗುರುವಾರ್ದಗಂಟ ಪುಸ್ತಕ ಓಗಾದೇನ್ ಕಮ್ಮಿಯಾಗಾಕಿಲ್ಲ."

ಗುರುವಾರ ಸಾಹೇಬರು ಬರಲಿಲ್ಲ. ಮುಂದಿನ ತಿಂಗಳು ಎಂದು ಕಾಗದ ಬಂತು. ಆ ತಿಂಗಳೂ ಬರಲಿಲ್ಲ. ನಾವು ಜ್ಞಾಪನ ಪತ್ರ ಬರೆದೆವು, ಅದಕ್ಕೂ ಒಂದು ಜ್ಞಾಪನ ಬರೆದೆವು. ಅವರು ಬಂದದ್ದು ಐದು ತಿಂಗಳ ಮೇಲೆ.

ಅಷ್ಟರಲ್ಲಿ ಬೀದಿಯಲ್ಲಿ ಆಗಬಾರದ್ದೆಲ್ಲ ಆಗಿತ್ತು. ಗಂಡಸರು ಒಯ್ದ ಪುಸ್ತಕ ಹತ್ತು ಪುಟ ಓದುವಷ್ಟರಲ್ಲಿ ಹಳೆಯದೇ ಎಂದು ಗೊತ್ತಾಗುತ್ತಿತ್ತು. ವಾಪಸು, ಮತ್ತೊಂದು, ಅದೂ ಹಳೆಯದೇ. ಮಗ್ಗ ಬಿಟ್ಟು ಎರಡು ಸಲ ಎದ್ದು ಬರಲು ಯಾವ ಗಂಡಸೂ ತಯಾರಿರಲಿಲ್ಲ. ದೇವೀರಮ್ಮ ಒಂದು ಸಂಜೆ ತಾನೇ ಗ್ರಂಥಾಲಯದ ಬಾಗಿಲಿಗೆ ಬಂದಳು, ಆ ಬೀದಿಯಲ್ಲಿ ಯಾವ ಹೆಂಗಸೂ ಹಾಗೆ ಬಂದದ್ದಿಲ್ಲ. ನಾನೂ ಅಲ್ಲಿದ್ದೆ.

"ಏನ್ ಮುದ್ದಯ್ಯ, ಇದುನ್ನ ಮೂರ್ ದಪ ಕಳ್ಸಿದಿಯಲ್ಲ. ಕತೇಲಿ ಆ ಎಣ್ಣು ಬಾವಿಗ್ ಬೀಳಾದ್ನ ಮೂರ್ ದಪ ಕೇಳದಾ? ಒಂದ್ ದಪಕ್ಕೇ ಸಾಕಾಗಿತ್ತು." ಆಮೇಲೆ ನನ್ನ ಕಡೆ ತಿರುಗಿದಳು. "ಇವ್ನೇಯೇನ್ಲಾ ದಾರ ಕತ್ತರ್ಸಿದ ಗಂಡು? ನಿಮ್ಮವ್ವನ ಸೀರೇಲಿ ಎಳೆ ಕಂಡ್ರೂ ಇಂಗೇ ಕತ್ತರಿ ಹಾಕೀಯಾ ಮಗ?"

ನಾನು ಅವಳ ಕೈಯಿಂದ ಆ ಪುಸ್ತಕ ಇಸಿದುಕೊಂಡು ಸಾಲಿನಲ್ಲಿಟ್ಟೆ.

ಮುದ್ದಣ್ಣ ಸುಮ್ಮನೆ ಕೂರಲಿಲ್ಲ. ಬೆಳಿಗ್ಗೆ ಮಗ್ಗ ಬಿಟ್ಟು ಪುಸ್ತಕಗಳ ಚೀಲ ಹೊತ್ತು ಮನೆಮನೆಗೆ ಹೋಗಿ, ನಾಲ್ಕು ಪುಟ ಓದಿ ಹೇಳಿ, "ಇದು ಕೇಳೀರಾ? ಇದು?" ಎಂದು ವಿಚಾರಿಸಿ, ಕೇಳಿದ್ದಕ್ಕೆ ಮತ್ತೆ ಎಳೆ ಕಟ್ಟಿಸಿಕೊಂಡು ಬರತೊಡಗಿದರು. ರಜೆಯ ದಿನ ನಾನೂ ಚೀಲ ಹೊತ್ತೆ. ಐದು ತಿಂಗಳಲ್ಲಿ ಎಪ್ಪತ್ತು ಪುಸ್ತಕಕ್ಕೆ ದಾರ ವಾಪಸು ಬಂತು. ಅವರ ಮಗ್ಗದ ಮೇಲೆ ಒಂದೇ ಸೀರೆ ಎರಡು ತಿಂಗಳು ಕೂತಿತ್ತು.

ಸಾಹೇಬರು ಬಂದರು. ಸಾಲುಗಳನ್ನು ಒಂದು ನಿಮಿಷ ನೋಡಿ, "ನೀಟಾಗಿದೆ," ಎಂದರು. ವೃಷಭೇಂದ್ರಪ್ಪನವರು ನನ್ನ ಬೆನ್ನು ತಟ್ಟಿದರು. ಆಮೇಲೆ ಸಾಹೇಬರು ಕುರ್ಚಿ ಎಳೆದುಕೊಂಡು, ಪುಸ್ತಕ ಕೊಟ್ಟ ಲೆಡ್ಜರನ್ನು ಅರ್ಧ ಗಂಟೆ ನೋಡಿದರು. ದಿನಕ್ಕೆ ಒಂಬತ್ತು, ಏಳು, ಹತ್ತು.

"ಸ್ವಾಮಿ, ಮೊದ್ಲು ನಲ್ವತ್ತು ಓಯ್ತಿದ್ದೊ," ಎಂದು ಮುದ್ದಣ್ಣ ಮುಂದೆ ಬಂದರು. "ನಮ್ಮಲ್ಲಿ ಮನೇಗೊಂದು ದಾರ ಅಂತ..."

"ಈಗ ಎಷ್ಟು ಹೋಗ್ತಿದೆ, ಅಷ್ಟು ಹೇಳಪ್ಪ."

ಮುದ್ದಣ್ಣ ನನ್ನ ಕಡೆ ನೋಡಿದರು. ಕತ್ತರಿಸಿದವನು ನಾನು ಎಂದು ಹೇಳಬೇಕಾದ ಜಾಗ ಅದೇ ಆಗಿತ್ತು. ಅಧ್ಯಕ್ಷರು ಬೆನ್ನು ತಟ್ಟಿ ಇನ್ನೂ ಅರ್ಧ ಗಂಟೆಯಾಗಿತ್ತಷ್ಟೇ. ನಾನು ಕಾಫಿ ತರಲು ಹೋದೆ.

ಎರಡು ತಿಂಗಳಿಗೆ ಆದೇಶ ಬಂತು. ನೇಕಾರರ ಬೀದಿಯಲ್ಲಿ ಓದುಗರು ಕಡಿಮೆ, ಶಾಖೆಯನ್ನು ಮುಚ್ಚಿ ಪುಸ್ತಕಗಳನ್ನು ಪೇಟೆಯ ಗ್ರಂಥಾಲಯಕ್ಕೆ ಸೇರಿಸತಕ್ಕದ್ದು. ಶ್ರೀ ಮುದ್ದಯ್ಯನವರನ್ನು ಸಂಘದ ಮನವಿಯ ಮೇರೆಗೆ ಖಾಯಂ ಮಾಡಿ, ಹನೂರಿನ ಶಾಖೆಗೆ ನೇಮಿಸಲಾಗಿದೆ.

ಒಲ್ಲೆ ಎಂದರೆ ಹದಿನಾಲ್ಕು ವರ್ಷದ ಕೆಲಸವೂ ಹೋಗುತ್ತಿತ್ತು. ಮುದ್ದಣ್ಣ ಹನೂರಿಗೆ ಹೋದರು. ಪೇಟೆಯ ಗ್ರಂಥಾಲಯಕ್ಕೆ ಸೇರಿದ ಪುಸ್ತಕಗಳನ್ನು ಅಷ್ಟು ದೂರ ಹೋಗಿ ತರುವವರಿರಲಿಲ್ಲ. ಬೀದಿಯಲ್ಲಿ ಮಧ್ಯಾಹ್ನದ ಓದು ನಿಂತಿತು. ನಮ್ಮ ಸಂಘದ ವಾರ್ಷಿಕ ವರದಿಯಲ್ಲಿ ಮಾತ್ರ 'ಸಾಧನೆಗಳು' ಎಂಬ ತಲೆಬರಹದ ಕೆಳಗೆ ಮೊದಲ ಸಾಲು ಮುದ್ದಣ್ಣನದೇ. ಬರೆದವನು ನಾನೇ, ದುಂಡಗೆ.

೧೯೭೪ರಲ್ಲಿ ಸಂಘ ಸ್ಮರಣ ಸಂಚಿಕೆ ತರಲು ಹೊರಟಿತು. ಸಂಘದಿಂದ ಪ್ರಯೋಜನ ಪಡೆದ ಒಬ್ಬ ಸದಸ್ಯರ ಪರಿಚಯ ಬೇಕು, ಹನೂರಿಗೆ ಹೋಗಿ ಬರೆದುಕೊಂಡು ಬಾ ಎಂದು ವೃಷಭೇಂದ್ರಪ್ಪನವರು ನನ್ನನ್ನೇ ಅಟ್ಟಿದರು.

ಹನೂರಿನ ಶಾಖೆಯಲ್ಲಿ ಮುದ್ದಣ್ಣ ಒಬ್ಬರೇ ಕೂತಿದ್ದರು. ಅಜ್ಜೀಪುರದ ಕಡೆಯ ಇಬ್ಬರು ಬಸ್ಸು ಬರುವತನಕ ನೆರಳಿಗೆಂದು ಕೂತು ಪತ್ರಿಕೆ ಬೀಸಣಿಗೆ ಮಾಡಿಕೊಂಡಿದ್ದರು. ಮೇಜಿನ ಮೂಲೆಯಲ್ಲಿ ಹಸಿರು, ಹಳದಿ ಎಳೆಗಳ ಒಂದು ಮುದ್ದೆ ಇತ್ತು. ಬುಟ್ಟಿಯಿಂದ ಎತ್ತಿಕೊಂಡದ್ದೇ ಅದು. ಸೋಮವಾರಕ್ಕೊಮ್ಮೆ ಊರಿಗೆ ಹೋಗುತ್ತಾರಂತೆ. ಮಗ್ಗದ ಗುಂಡಿಯ ಮೇಲೆ ಹಲಗೆ ಮುಚ್ಚಿ ರಾಗಿ ಮೂಟೆ ಇಟ್ಟಿದ್ದಾರಂತೆ.

ನಾನು ನೋಟ್ ಪುಸ್ತಕ ತೆಗೆದೆ. "ಮುದ್ದಣ್ಣ, ಸಂಘದಿಂದ ನಿಮ್ಗಾದ ಪ್ರಯೋಜನ ಏನು ಅಂತ ಕೇಳವ್ರೆ."

"ಒಂದ್ ಹಾರ. ಬರ್ಕೊ."

"ಅದು..."

"ಅದೂ ಬ್ಯಾರೇವ್ರ್ದು. ಅದ್ನೂ ಬರ್ಕೊ."

ಪತ್ರಿಕೆ ಬೀಸುತ್ತಿದ್ದವರು ನಕ್ಕರು. ನಾನು ನೋಟ್ ಪುಸ್ತಕ ಮುಚ್ಚಿದೆ. ಅವರ ಬಸ್ಸು ಬಂತು, ಇಬ್ಬರೂ ಎದ್ದು ಹೋದರು. ಎರಡು ವರ್ಷದಿಂದ ಕೇಳದೆ ಇಟ್ಟುಕೊಂಡಿದ್ದ ಮಾತು ಅವತ್ತೂ ಕೇಳದಿದ್ದರೆ ಇನ್ನು ಯಾವತ್ತೂ ಕೇಳುವುದಿಲ್ಲ ಎಂದು ಗೊತ್ತಿತ್ತು.

"ಮುದ್ದಣ್ಣ, ಅವತ್ತು ನಾನು ಕತ್ತರಿ ಇಡೀದೇ ಇದ್ದಿದ್ರೆ ನಿಮ್ ಬೀದಿ ಶಾಖೆ ಉಳೀತಿತ್ತಾ?"

ಹೋಗಲಿ ಬಿಡು, ಆಗಿದ್ದಾಯ್ತು, ಹೇಗಿದ್ದರೂ ಮುಚ್ಚುತ್ತಿದ್ದರು ಎನ್ನುತ್ತಾರೆಂದು ಕಾದೆ. ಹಿರಿಯರು ಹಾಗೇ ತಾನೇ ಅನ್ನುವುದು.

"ಉಳೀತಿತ್ತು," ಎಂದರು ಮುದ್ದಣ್ಣ. "ಮುಚ್ಚುಸ್ದೋನು ನೀನೇ ಕಣ್ಲಾ."