ಅಕ್ಕನಿಗೆ ತೆರೆಯದ ಸೈಟು

ನಮ್ಮ ಅಕ್ಕನ ಎರಡನೇ ಮದುವೆಯನ್ನು ತಪ್ಪಿಸಿದವನು ನಾನು. ಜಗಳವಾಡಲಿಲ್ಲ, ದನಿ ಏರಿಸಲಿಲ್ಲ — ಕಂಪ್ಯೂಟರಿನಲ್ಲಿ ಒಂದು ಹೆಸರು ಬರೆದೆ, ಅಷ್ಟೇ. ಇಷ್ಟು ವರ್ಷ ಅದನ್ನು ಯಾರಿಗೂ ಹೇಳಲಿಲ್ಲ.

ಯರಗಟ್ಟಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಅಕ್ಕ ಗೌರವ್ವ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಳು. ಅವಳಿಗೆ ಮಕ್ಕಳಿರಲಿಲ್ಲ. ನನ್ನ ಹೆಂಡತಿ ಮನೋಳಿಯ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಹಾಸಿಗೆ ಹಿಡಿದ ಅವ್ವನನ್ನೂ ನನ್ನ ಮಕ್ಕಳನ್ನೂ ನೋಡಿಕೊಂಡವಳು ಅಕ್ಕ.

ಮಕ್ಕಳು ಮೊಬೈಲಿನಲ್ಲಿ ಕಾರ್ಟೂನ್ ನೋಡುವಾಗ ನಡುನಡುವೆ ಜೂಜಿನ ಜಾಹೀರಾತುಗಳು ಬರುತ್ತಿದ್ದವು. ಅವನ್ನು ತಡೆಯಲು ಮನೆಯ ವೈಫೈಗೆ ಸಣ್ಣದೊಂದು ಯಂತ್ರ ಜೋಡಿಸಿದೆ. ಅದರ ಕೆಲಸವನ್ನು ಅಂಗಡಿಯಲ್ಲೇ ಕುಳಿತು ನೋಡಲು ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದುಕೊಂಡೆ. ಕಪ್ಪು ಪರದೆಯ ಮೇಲೆ ಸಾಲುಗಳು ಏರುತ್ತಿದ್ದವು — ಯಾರ ಫೋನು, ಯಾವ ಸೈಟು. ಬಿಟ್ಟದ್ದು ಹಸಿರು, ತಡೆದದ್ದು ಕೆಂಪು. ಜಾಹೀರಾತಿಗೆಂದು ಮಾಡಿದ್ದು. ಆದರೆ ಮನೆಮಂದಿಯೆಲ್ಲ ಅದರಲ್ಲಿ ಕಾಣುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕನ ಹೆಸರಿನ ಮುಂದೆ ಮರುಮದುವೆಯ ಸೈಟೊಂದು ಬಂತು. ಮರುದಿನವೂ ಬಂತು. ಆಮೇಲೆ ದಿನಾಲೂ —

ಮನೆತನದ ಮರ್ಯಾದೆಯ ಚಿಂತೆಯಾಯಿತು ಎಂದರೆ ಸುಳ್ಳಾಗುತ್ತದೆ. ನನಗಾದ ಚಿಂತೆಯೇ ಬೇರೆ: ಇವಳು ಹೋದರೆ ಅವ್ವನ ಮಗ್ಗಲು ಬದಲಿಸುವವರು ಯಾರು, ರೊಟ್ಟಿ ಬಡಿಯುವವರು ಯಾರು? ಆ ಸೈಟಿನ ಹೆಸರನ್ನು ತಡೆಯುವವುಗಳ ಸಾಲಿಗೆ ಸೇರಿಸಿದೆ. ಅವಳ ಸಿಮ್ಮಿಗೆ ನಾನು ನೆಟ್ ಹಾಕಿಸುತ್ತಿರಲಿಲ್ಲ. ಮನೆಯ ವೈಫೈ ಬಿಟ್ಟರೆ ಅವಳಿಗೆ ಬೇರೆ ದಾರಿಯಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಅಂದು ಸಂಜೆ ಅವಳು ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಬಂದಳು.

"ತಮ್ಮಾ, ಅಡಗಿದೊಂದು ಸೈಟ್ ಐತಿ. ನಿನ್ನೀತನಕ ಬರತಿತ್ತು, ಇವತ್ತ ತೆರೀವಲ್ದು ನೋಡು."

ಅಡಿಗೆಯದು ಎಂದಳು. ಫೋನನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

"ತೆರೀಲಿಲ್ಲಂದ್ರ ಬಂದ್ ಆಗಿರತೈತಿ ಅಕ್ಕಾ. ಇಂಥಾವು ದಿನಾ ಮುಚ್ಚತಾವ."

"ಹಂಗಾರ ಹೋಗ್ಲಿ ಬಿಡು," ಎಂದು ಒಳಗೆ ಹೋದಳು.

ಆಮೇಲೂ ಕೆಲವು ದಿನ ಅವಳು ಪ್ರಯತ್ನಿಸಿದಳು. ಗಿರಾಕಿಗಳೊಂದಿಗೆ ಮಾತಾಡುತ್ತಲೇ ನಾನು ಆ ಕೆಂಪು ಸಾಲುಗಳನ್ನು ನೋಡಿದೆ. ಒಂದು ಹೆಸರು ಅಳಿಸಿದ್ದರೆ ಸಾಕಿತ್ತು — ಅಳಿಸಲಿಲ್ಲ. ಕೊನೆಗೆ ಸಾಲುಗಳೇ ನಿಂತವು. ನನಗೆ ನಿರಾಳವಾಯಿತು. ಹೌದು, ನಿರಾಳವೇ —

ಹೋದ ವರ್ಷ ಅವ್ವ ತೀರಿಕೊಂಡಳು. ಮೊನ್ನೆ ಊಟ ಬಡಿಸುತ್ತ ಹೆಂಡತಿ ಅಂದಳು: "ಅಕ್ಕಾರಿಗೆ ಹಿಂದ ಒಂದ್ ಸಂಬಂಧ ಕೂಡಿ ಬಂದಿತ್ತಂತ ನೋಡ್ರಿ. ಹೂಲಿಯವ್ರಂತ, ಹೆಂಡ್ತಿ ತೀರಕೊಂಡಿದ್ಲಂತ. ಮೊಬೈಲ್‌ನ್ಯಾಗ ಒಬ್ರಿಗೊಬ್ರು ಬರಕೊಂತಿದ್ರಂತ. ನಂಬರ್ ಇಸ್ಕೋಬೇಕನ್ನೋದ್ರಾಗ ಆ ಸೈಟ ಮುಚ್ಚಿತಂತ, ಪಾಪ."

ಹೂಲಿ ಇಲ್ಲೇ ಇದೆ. ಮುಂಜಾನೆ ಹೋಗಿ ಊಟಕ್ಕೆ ಮರಳಬಹುದು.

ಆ ಯಂತ್ರವನ್ನು ಕಿತ್ತಿಟ್ಟೆ. ಕಿತ್ತು ಏನು ಬಂತು — ಮರುದಿನ ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದ ಅಕ್ಕನ ಎದುರು ಕುಳಿತು, ಅವಳಿಗೆ ತಿಳಿಯುವ ಹಾಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಕೈಯಲ್ಲಿದ್ದ ಕಾಯಿ ಸುಲಿದು ಕೇಳಿದಳು:

"ಹಂಗಾರ ಆಮ್ಯಾಲ ಅವ್ರು ನನಗ ಏನರ ಬರದಿದ್ರೇನು?"

ನನಗೆ ಗೊತ್ತಿರಲಿಲ್ಲ. ಸ್ಕ್ರಿಪ್ಟು ಸೈಟಿನ ಹೆಸರನ್ನಷ್ಟೇ ತೋರಿಸುತ್ತಿತ್ತು; ಒಳಗೆ ಯಾರು ಏನು ಬರೆದರೆಂದು ಅದಕ್ಕೆ ಕಾಣುತ್ತಿರಲಿಲ್ಲ. ಹಾಗೆಯೇ ಹೇಳಿದೆ.

"ಹೇಳದ ಕೇಳದ ಬಿಟ್ಟಳು ಅಂತ ತಿಳಕೊಂಡಿರತಾರ," ಎಂದಳು. ನನಗಲ್ಲ — ತನಗೆ ತಾನೇ.

ಅವರನ್ನು ಹುಡುಕಿಕೊಡಲೇ ಎಂಬ ಮಾತು ಬಾಯಿತನಕ ಬಂತು. ಯಾವ ಮುಖ ಇಟ್ಟುಕೊಂಡು — ಆಡಲಿಲ್ಲ. ಅವಳು ಸೆರಗಿನ ಸಿಪ್ಪೆ ಕೊಡವಿ, ಎದ್ದು ಒಳಗೆ ಹೋದಳು. ಉಳಿದ ಶೇಂಗಾ ಸುಲಿಯುತ್ತ ನಾನು ಅಲ್ಲೇ ಕುಳಿತೆ.